ಇಳಕಲ್ಲಿನಲ್ಲಿ ಕುಳಿತು ಬಾದಾಮಿಯನ್ನು ಕಾಣುವುದು

ಬಾದಾಮಿಯ ಮೂರನೆಯ ಗುಹೆಯನ್ನು ನೋಡದವರು ನಮ್ಮಲ್ಲಿ ವಿರಳ. ಚಾಲುಕ್ಯ ಮಂಗಲೇಶನು ಮಾಡಿಸಿದ ಆ ಗುಹೆಯ ಶಾಸನವು ಕ್ರಿ.ಶ. 578ರದು. ಇಳಕಲ್ಲಿನಲ್ಲಿಯೋ ಹುನಗುಂದದಲ್ಲಿಯೋ ಕುಳಿತ ವಿದ್ಯಾರ್ಥಿಯು ತಾನಿದ್ದಲ್ಲಿಂದಲೇ ಅದನ್ನು ಸುತ್ತಿ ನೋಡಬಲ್ಲನೇ? ನೋಡಬಲ್ಲನು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆನು.

ಲೇಸರ್ ಯಂತ್ರವು ಗೋಡೆಗೆ ಬೆಳಕನ್ನು ಕಳುಹಿಸಿ, ಮರಳಿ ಬಂದ ಬೆಳಕಿನಿಂದ ದೂರವನ್ನು ಅಳೆಯುತ್ತದೆ. ಅಳೆದ ಪ್ರತಿ ಬಿಂದುವಿಗೂ ಉದ್ದ, ಅಗಲ, ಎತ್ತರಗಳ ಮೂರು ಅಂಕಿಗಳುಂಟು. ಅಂಕಿಗೆ 4 ಬೈಟಿನಂತೆ 12, ಬಣ್ಣಕ್ಕೆ 3, ಒಟ್ಟು 15 ಬೈಟು. ಗುಹೆಗೆ 100 ಕೋಟಿ ಬಿಂದುಗಳೆಂದು ಭಾವಿಸೋಣ. 1,500 ಕೋಟಿ ಬೈಟುಗಳಾದವು. ಬೈಟಿಗೆ 8 ಬಿಟ್. ಸೆಕೆಂಡಿಗೆ 10 ಮೆಗಾಬಿಟ್ ಸಾಗಿಸುವ ಜಾಲದಲ್ಲಿ ಇಷ್ಟನ್ನು ತರಿಸಲು 3 ಗಂಟೆ 20 ನಿಮಿಷ ಬೇಕು. ತರಿಸಿದರೂ ನಮ್ಮ ಸಣ್ಣ ಗಣಕಯಂತ್ರವು ಆ ಭಾರವನ್ನು ಹೊರಲಾರದು.

ಇಳಕಲ್ಲ ಸೀರೆ ಬೇಕಾದವಳು ಮಗ್ಗವನ್ನು ಮನೆಗೆ ತರಿಸುವುದಿಲ್ಲ. ಸೆರಗು, ದಡಿ ಇಂಥವಿರಲೆಂದು ಹೇಳಿ ಕಳುಹಿಸುತ್ತಾಳೆ. ನೇಕಾರನು ನೇಯ್ದು ಕೊಡುತ್ತಾನೆ. ಇಲ್ಲಿಯೂ ಹಾಗೆಯೇ. ಬಿಂದುಗಳೆಲ್ಲ ದೂರದ ಪ್ರಬಲ ಗಣಕದಲ್ಲಿ, ಎಂದರೆ ಸರ್ವರಿನಲ್ಲಿ, ಇರುತ್ತವೆ. ನಾನು ಎಲ್ಲಿ ನಿಂತು ಯಾವ ಕಡೆ ನೋಡುತ್ತೇನೆಂಬ ಕೆಲವೇ ಅಂಕಿಗಳು ಇಲ್ಲಿಂದ ಹೋಗುತ್ತವೆ. ಸರ್ವರು ಆ ನೋಟದ ಚಿತ್ರವನ್ನು ಬರೆದು, ಸಂಕುಚಿಸಿ ಕಳುಹಿಸುತ್ತದೆ. ಚಿತ್ರವು 1 ಲಕ್ಷ ಬೈಟಿನದಾದರೆ ಅದೇ ಜಾಲದಲ್ಲಿ ಸಾಗಲು 0.08 ಸೆಕೆಂಡು ಸಾಕು. ಬಿಂದುಗಳು ನೂರು ಕೋಟಿಯಿರಲಿ, ಸಾವಿರ ಕೋಟಿಯಿರಲಿ, ನನ್ನೆಡೆಗೆ ಬರುವುದು ಪರದೆಯಷ್ಟೇ ದೊಡ್ಡ ಚಿತ್ರ.

ಸರ್ವರಿಗೂ ಒಂದು ಉಪಾಯವುಂಟು. ಗುಹೆಯನ್ನು ಒಂದು ಪೆಟ್ಟಿಗೆಯೆಂದು ಎಣಿಸಿ 8 ಪಾಲು ಮಾಡುವುದು. ಪ್ರತಿ ಪಾಲನ್ನೂ ಮತ್ತೆ 8 ಮಾಡುವುದು. ಹತ್ತಿರದ ಪೆಟ್ಟಿಗೆಗಳಿಂದ ಹೆಚ್ಚು ಬಿಂದುಗಳನ್ನು, ದೂರದವುಗಳಿಂದ ಕೆಲವನ್ನು ಮಾತ್ರ ತೆಗೆದುಕೊಂಡರಾಯಿತು.

ಈ ಕ್ರಮದಲ್ಲಿ ದೋಷವಿಲ್ಲವೆಂದಲ್ಲ. ಕತ್ತು ಹೊರಳಿಸಿದಾಗಲೆಲ್ಲ ಸಂದೇಶವು ಹೋಗಿ ಬರಬೇಕು. ತಡವಾದರೆ ನೋಟವು ಕೈಯ ಹಿಂದೆ ಕುಂಟುತ್ತದೆ. ಅದಕ್ಕಾಗಿ ಕೈ ಆಡುತ್ತಿರುವಾಗ ಒರಟು ಚಿತ್ರವನ್ನೂ, ನಿಂತ ಮೇಲೆ ನಯವಾದುದನ್ನೂ ಕಳುಹಿಸುತ್ತಾರೆ. ತಂತು ಕಡಿದರೆ ಮಾತ್ರ ಮುಂದಿನ ನೋಟವೇ ಇಲ್ಲ.

ಇಷ್ಟೆಲ್ಲ ಸಾಧ್ಯವಾದರೂ, ಮೊದಲು ಯಾರಾದರೂ ಅಳೆದಿಟ್ಟಿರಬೇಕು. ಹಂಪಿಯನ್ನು ಗಣಕರೂಪಕ್ಕೆ ತಂದ ಕೆಲಸವು 2017ರಲ್ಲಿ ‘ಡಿಜಿಟಲ್ ಹಂಪಿ’ ಎಂಬ ಗ್ರಂಥವಾಗಿ ಬಂದಿದೆ. ಹಳೆಯ ಬಾಗಲಕೋಟೆಯಲ್ಲಿದ್ದ ನಮ್ಮ ಅಜ್ಜನ ಮನೆಯನ್ನು ಯಾರೂ ಅಳೆಯಲಿಲ್ಲ. ಅದು ಆಲಮಟ್ಟಿಯ ಹಿನ್ನೀರಿನ ಪಾಲಾಯಿತು. ತಲಬಾಗಿಲು ಎಷ್ಟು ಎತ್ತರವಿತ್ತೆಂದು ಕೇಳಿದರೆ ತಂದೆಯವರು ಕೈಯೆತ್ತಿ ತೋರಿಸುತ್ತಾರೆ. ಕೈ ಒಂದೊಂದು ಸಲ ಒಂದೊಂದು ಎತ್ತರದಲ್ಲಿ ನಿಲ್ಲುತ್ತದೆ. ಆ ಬಾಗಿಲನ್ನು ಯಾವ ಸರ್ವರೂ ಚಿತ್ರಿಸಿ ಕಳುಹಿಸಲಾರದು. ಐಹೊಳೆಯ ಗುಡಿಗಳು, ನಮ್ಮೂರುಗಳ ಹಳೆಯ ಮನೆಗಳು ಇನ್ನೂ ನಿಂತಿವೆ. ಸಹಪಾಠಿಗಳೇ, ಲೇಸರ್ ಇಲ್ಲದಿದ್ದರೆ ಅಳತೆಯ ಟೇಪು ಹಿಡಿದಾದರೂ ಹೊರಡೋಣ.