ಅರಿವು ಆಚಾರವಾಗಲಿ

ಓದು ಕಲಿತು ತಂದೆಯ ನೇಗಿಲಿಗೆ ನಾಚುವ ಮಗನನ್ನು ವಿದ್ಯಾವಂತನೆನ್ನಬಹುದೇ?

12ನೆಯ ಶತಮಾನದ ಶರಣರು ಅರಿವನ್ನು ಕಾಯಕದಿಂದ ಅಗಲಿಸಲಿಲ್ಲ. ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ ಅಕ್ಕಿಯ ಕಾಯಕದ ಆಯ್ದಕ್ಕಿ ಲಕ್ಕಮ್ಮನೂ ವಚನ ನುಡಿದರು.

ನಮ್ಮ ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಅಪ್ಪಗಳು ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯ ನಡೆಸಿದರು. ಭಕ್ತರ ದಾಸೋಹವೇ ಅದಕ್ಕೆ ಆಧಾರ. ಅಲ್ಲಿ ಉಂಡು ಕಲಿತವನ ವಿದ್ಯೆಯಲ್ಲಿ ಒಕ್ಕಲಿಗನ ಬೆವರಿನ ಪಾಲುಂಟು. ಅದನ್ನು ಮರೆತರೆ ಬುದ್ಧಿ ಬೆಳೆದರೂ ಹೃದಯ ಬರಿದು.

ಶಲವಡಿಯ ತಾಯಿತಂದೆಗಳೇ, ದುಡಿತಕ್ಕಾಗಿ ಮಕ್ಕಳ ಶಾಲೆ ಬಿಡಿಸದಿರಿ. ಆದರೆ ಹೆಣ್ಣು ಗಂಡೆನ್ನದೆ ಮನೆಯ ಕಿರುಗೆಲಸವೊಂದನ್ನು ಒಪ್ಪಿಸಿರಿ. ಬಂದ ಅತಿಥಿಗೆ ಅವರ ಕೈಯಿಂದಲೇ ನೀಡಿಸಿರಿ. ದಿನಕ್ಕೊಂದು ವಚನದ ಅರ್ಥ ಕೇಳಿರಿ. ಓದು, ಕಾಯಕ, ದಾಸೋಹ ಕೂಡಿದಲ್ಲಿಯೇ ಅರಿವು ಆಚಾರವಾಗುವುದು.