ತೂಕ ಇಳಿಸಬೇಕೇ? ಹಸಿವಾಗುವ ಮೊದಲೇ ತೀರ್ಮಾನ ಮಾಡಿ

ವಿಲ್ ಪವರ್ ನಂಬಿಕೊಂಡು ಕೂರಬೇಡಿ. ಬೆಳಿಗ್ಗೆ ಹತ್ತಕ್ಕೆ ಅದು ಎಲ್ಲರಿಗೂ ಇರುತ್ತದೆ. ಸಂಜೆ ಐದೂವರೆಗೆ ಮೀಟಿಂಗ್ ಮುಗಿಸಿ ಕೆಳಗಿಳಿದಾಗ, ಬೇಕರಿಯವನು ಬಿಸಿ ಪಫ್ಸ್ ಟ್ರೇ ಹೊರಗೆಳೆಯುವ ಹೊತ್ತಿಗೆ, ಯಾರಿಗೂ ಇರುವುದಿಲ್ಲ. ತೂಕ ಇಳಿಸಿಕೊಂಡವರ ಮನಸ್ಸು ನಿಮ್ಮದಕ್ಕಿಂತ ಗಟ್ಟಿಯೇನೂ ಇರಲಿಲ್ಲ. ಮುಂದಿನ ಸಲ ಏನು ತಿನ್ನಬೇಕು ಅನ್ನುವುದನ್ನು ಅವರು ಹೊಟ್ಟೆ ತುಂಬಿದ್ದಾಗಲೇ ತೀರ್ಮಾನ ಮಾಡಿಟ್ಟಿದ್ದರು, ಅಷ್ಟೇ. ನೀವು ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಕೂತಿರಲಿ, ವೈಟ್‌ಫೀಲ್ಡ್‌ನಲ್ಲಿ ನೈಟ್ ಶಿಫ್ಟ್ ಮಾಡುತ್ತಿರಲಿ, ಇದು ನಿಮ್ಮಿಂದ ಆಗುವ ಕೆಲಸ. ಶುರು ಮಾಡಿ.

1. ಮೊದಲು ಟೇಪ್ ಕೊಳ್ಳಿ

ದರ್ಜಿಗಳ ಟೇಪ್ ಸಾಕು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ, ಉಸಿರು ಬಿಟ್ಟು ಅಳೆಯಿರಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ಯಾರೂ ಫೋಟೊ ತೆಗೆಯುತ್ತಿಲ್ಲ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಕೆಲಸ ಇದೆ ಎಂದರ್ಥ. ಭಾರತೀಯರ ಮೈಯಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಹೆಚ್ಚು ಕೂರುತ್ತದೆ, ಶುಗರ್ ಕೂಡ ಬೇಗ ಬರುತ್ತದೆ. ಅದಕ್ಕೇ ನಮಗೆ ಬಿಎಂಐ 23 ದಾಟಿದರೆ ಓವರ್‌ವೇಟ್, 25 ದಾಟಿದರೆ ಬೊಜ್ಜು. 170 ಸೆಂ.ಮೀ. ಎತ್ತರದವರು 70 ಕೆ.ಜಿ. ಇದ್ದರೆ ಬಿಎಂಐ 24.2. ಜಾಗತಿಕ ಪಟ್ಟಿಯಲ್ಲಿ ಅವರು ನಾರ್ಮಲ್, ನಮ್ಮ ಪಟ್ಟಿಯಲ್ಲಿ ಅಲ್ಲ.

2. ಅನ್ನ ಬಿಡಬೇಡಿ, ಅದರ ಸರದಿ ಹಿಂದಕ್ಕೆ ಹಾಕಿ

‘ಅನ್ನ ಮುಟ್ಟಲ್ಲ’ ಅನ್ನುವ ಶಪಥ ಹೆಚ್ಚು ದಿನ ಬಾಳುವುದಿಲ್ಲ. ಅದರ ಬದಲು ತಟ್ಟೆಯ ಲೆಕ್ಕ ಬದಲಾಯಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಪ್ರಕಾರ ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣಿಗೆ ಮೀಸಲು. 2000 ಕ್ಯಾಲೊರಿ ಊಟಕ್ಕೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ. ನಮ್ಮ ಮೆಸ್ ತಟ್ಟೆಯಲ್ಲಿ ಇದು ತಲೆಕೆಳಗು: ಅನ್ನ ಗುಡ್ಡ, ಪಲ್ಯ ಬೊಟ್ಟು.

ತಿನ್ನುವ ಕ್ರಮವನ್ನೂ ಬದಲಾಯಿಸಿ. ಬಾಳೆಎಲೆಗೆ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ, ಅನ್ನ ಆಮೇಲೆ. ನಾವು ಮಾತ್ರ ಅನ್ನ ಬರುವವರೆಗೆ ಕೈಕಟ್ಟಿ ಕೂರುತ್ತೇವೆ. ಕೂರಬೇಡಿ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರುವುದಿಲ್ಲ, ಅನ್ನವೂ ತಾನಾಗಿಯೇ ಕಡಿಮೆ ಸೇರುತ್ತದೆ. ಉತ್ತರ ಕರ್ನಾಟಕದವರಿಗೆ ಇದು ಹೊಸದೇನಲ್ಲ: ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಪಕ್ಕದಲ್ಲಿ ಹಸಿ ಮೆಂತ್ಯ ತಪ್ಪಲು, ಮೂಲಂಗಿ, ಸೌತೆಕಾಯಿ. ಬೆಂಗಳೂರಿನ ಪಿ.ಜಿ.ಗೆ ಬಂದು ಅದನ್ನು ಬಿಟ್ಟಿದ್ದರೆ ಮತ್ತೆ ಹಿಡಿಯಿರಿ.

ಮೆಸ್‌ನಲ್ಲಿ ನಾಚಿಕೆ ಬೇಡ. “ಅಣ್ಣಾ, ಅನ್ನ ಅರ್ಧ ಸಾಕು, ಪಲ್ಯ ಇನ್ನೊಂದ್ಸಲ ಹಾಕಿ” ಎಂದು ಕೇಳಿ. ಪ್ರಮೋಶನ್ ಕೇಳುವುದಕ್ಕಿಂತ ಇದು ಸುಲಭ.

3. ಪ್ರತಿ ಊಟದಲ್ಲೂ ಪ್ರೋಟೀನ್ ಹುಡುಕಿ

ಒಂದು ಕೆ.ಜಿ. ದೇಹತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಬೇಕು. 60 ಕೆ.ಜಿ. ಇರುವವರಿಗೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ ಎಂಟು, 30 ಗ್ರಾಂ ಒಣ ಕಾಳಿನಲ್ಲಿ ಏಳು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ತಿಳಿಸಾರು ಅನ್ನ, ರಾತ್ರಿ ಪುಳಿಯೋಗರೆ ತಿಂದರೆ ಈ ಲೆಕ್ಕ ಎಲ್ಲಿ ತುಂಬುತ್ತದೆ? ಪ್ರೋಟೀನ್ ಕಡಿಮೆಯಾದರೆ ಬೇಗ ಹಸಿವಾಗುತ್ತದೆ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಮೊಳಕೆಕಾಳು ಉಸಲಿ, ಹುರುಳಿಕಾಳು ಬಸ್ಸಾರು, ಮೊಸರು, ಮೊಟ್ಟೆ, ಮೀನು. ಊಟಕ್ಕೊಂದು ಆರಿಸಿಕೊಳ್ಳಿ. ಡಬ್ಬದ ಪೌಡರ್ ಆಮೇಲೆ ನೋಡೋಣ.

4. ಕಾಫಿಯನ್ನು ಬೈ ಟು ಮಾಡಿ

ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ. “ಬೈ ಟು, ಸಕ್ಕರೆ ಬೇರೆ” ಅನ್ನಿ. ಕಾಫಿ ಅರ್ಧ, ಸಕ್ಕರೆ ಅರ್ಧಕ್ಕೂ ಕಡಿಮೆ, ಹರಟೆ ಮಾತ್ರ ಪೂರ್ತಿ.

5. ಐದೂವರೆಯನ್ನು ನಾಲ್ಕು ಮುಕ್ಕಾಲಿಗೇ ಗೆಲ್ಲಿ

ಬಹಳ ಜನರ ತೂಕ ಏರುವುದು ಊಟದಲ್ಲಲ್ಲ, ಎರಡು ಊಟಗಳ ನಡುವೆ. ಪಫ್ಸ್ ಇಟ್ಟುಕೊಟ್ಟ ಪೇಪರನ್ನು ತಿಂದ ಮೇಲೆ ಬೆಳಕಿಗೆ ಹಿಡಿದು ನೋಡಿ. ಅಕ್ಷರಗಳು ಆಚೆ ಬದಿಗೂ ಕಾಣುತ್ತವೆ. ಪೇಪರಿಗೇ ಅಷ್ಟು ಜಿಡ್ಡು ಅಂಟಿದ್ದರೆ ಒಳಗೆ ಎಷ್ಟು ಹೋಗಿರಬೇಕು! ಮೈದಾ ಪದರಗಳ ನಡುವೆ ಜಿಡ್ಡು ಹಚ್ಚಿ ಹಚ್ಚಿ ಮಡಿಸಿದರೆ ಮಾತ್ರ ಪಫ್ಸ್ ಹಾಗೆ ಗರಿಗರಿಯಾಗುವುದು.

ಮೊಬೈಲಿನಲ್ಲಿ 4.45ಕ್ಕೆ ಅಲಾರಂ ಇಡಿ. ಬ್ಯಾಗಿನಲ್ಲೊಂದು ಚಿಕ್ಕ ಡಬ್ಬಿ ಇರಲಿ: ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಬೀಜ, ಜೊತೆಗೊಂದು ಸೀಬೆಹಣ್ಣು. ಹಿಡಿ ಎಂದರೆ ಹಿಡಿಯೇ. ಕಡಲೆಬೀಜ 100 ಗ್ರಾಂಗೆ 550 ಕ್ಯಾಲೊರಿ ದಾಟುತ್ತದೆ. ಡಬ್ಬಿ ಮರೆತರೆ ಗಾಡಿಯ ಬೇಯಿಸಿದ ಕಡಲೆಕಾಯಿ ತಿನ್ನಿ, ಇಲ್ಲವೇ ಚುರುಮುರಿ. “ಎಣ್ಣೆ ಕಡಿಮೆ, ಕ್ಯಾರೆಟ್ ಜಾಸ್ತಿ” ಎಂದು ಮೊದಲೇ ಹೇಳಿ, ಕಲಸಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಹಸಿವು ಜೋರಾಗುವ ಮೊದಲೇ ತಿಂದವರ ಕಾಲು ಬೇಕರಿ ಕಡೆ ತಿರುಗುವುದಿಲ್ಲ.

6. ಎಣ್ಣೆಗೆ ತಿಂಗಳ ಬಜೆಟ್ ಹಾಕಿ

ಒಂದು ಟೇಬಲ್ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಅದನ್ನು ಕರಗಿಸಲು ಅರ್ಧ ಗಂಟೆ ಬಿರುಸಾಗಿ ನಡೆಯಬೇಕು. ಪ್ರಧಾನಿ 2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಶೇ. 10ರಷ್ಟು ಎಣ್ಣೆ ಕಡಿಮೆ ಮಾಡಿ ಎಂದಿದ್ದರು. ನಿಮ್ಮ ಮನೆಯಲ್ಲಿ ಇನ್ನೂ ಹೆಚ್ಚು ಸಾಧ್ಯ. ಒಬ್ಬರಿಗೆ ತಿಂಗಳಿಗೆ ಅರ್ಧದಿಂದ ಮುಕ್ಕಾಲು ಲೀಟರ್ ಎಂದು ಲೆಕ್ಕ ಹಾಕಿ ತನ್ನಿ. ಬಾಟಲಿಯಿಂದ ಬಾಣಲೆಗೆ ನೇರವಾಗಿ ಸುರಿಯಬೇಡಿ, ಚಮಚದಲ್ಲಿ ಅಳೆಯಿರಿ.

7. ‘ಹೆಲ್ದಿ’ ಅನ್ನುವ ಹೆಸರಿಗೆ ಮೋಸ ಹೋಗಬೇಡಿ

ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಭರ್ತಿ ಇವೆ. ಕ್ಯಾಲೊರಿ ಮಾತ್ರ ಹೆಚ್ಚುಕಡಿಮೆ ಅಕ್ಕಿಯಷ್ಟೇ. ಎರಡು ಮುದ್ದೆ ನುಂಗಿ ಮೇಲೆ ಅನ್ನವನ್ನೂ ಕಲಸಿಕೊಂಡರೆ ತೂಕ ಇಳಿಯುವುದು ಹೇಗೆ? ಒಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು, ಮುಗಿಯಿತು. ನಿಂಬೆ-ಜೇನು ನೀರು ಕೊಬ್ಬು ಕರಗಿಸುವುದಿಲ್ಲ, ಜೇನೂ ಸಕ್ಕರೆಯೇ. ಡೈಜೆಸ್ಟಿವ್, ಮಲ್ಟಿಗ್ರೇನ್ ಎಂದು ಬರೆದ ಪ್ಯಾಕೆಟ್ಟನ್ನು ತಿರುಗಿಸಿ ಓದಿ. ಯಾವುದು ಜಾಸ್ತಿ ಇದೆಯೋ ಅದೇ ಪಟ್ಟಿಯಲ್ಲಿ ಮೊದಲು ಇರಬೇಕೆಂಬುದು ನಿಯಮ. ಮೊದಲ ಮೂರರಲ್ಲಿ ಮೈದಾ, ಸಕ್ಕರೆ, ಪಾಮ್ ಎಣ್ಣೆ ಕಂಡರೆ ವಾಪಸ್ ಇಡಿ.

8. ಹನ್ನೊಂದರ ಮೇಲೆ ಫುಡ್ ಆ್ಯಪ್ ತೆರೆಯಬೇಡಿ

ಮಲಗಿ. ನಿದ್ದೆಗೆಟ್ಟರೆ ಹಸಿವಿನ ಹಾರ್ಮೋನ್ ಏರುತ್ತದೆ, ಸಾಕೆನ್ನುವ ಹಾರ್ಮೋನ್ ಇಳಿಯುತ್ತದೆ. ನೈಟ್ ಶಿಫ್ಟ್‌ನವರು ಮನೆಯಿಂದಲೇ ಡಬ್ಬಿ ಒಯ್ಯಿರಿ.

9. ‘ನನಗಾಗಲ್ಲ’ ಅನ್ನುವ ಚಾಳಿ ಬಿಡಿ

‘ನಮ್ಮ ಮನೇಲೆಲ್ಲ ದಪ್ಪಾನೇ’ ಅನ್ನುವ ಮಾತಿಗೆ ಉತ್ತರ ನೋಟ್‌ಬುಕ್ಕಿನಲ್ಲಿದೆ. ವಾರಕ್ಕೊಂದು ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಭೇಷ್. 80 ಕೆ.ಜಿ. ಇರುವವರು ನಾಲ್ಕು ಕೆ.ಜಿ. ಇಳಿಸಿದರೂ ಬಿ.ಪಿ., ಶುಗರ್ ಮೇಲೆ ಪರಿಣಾಮ ಕಾಣಬಹುದು. ಮೂರು ತಿಂಗಳು ಪ್ರಾಮಾಣಿಕವಾಗಿ ಮಾಡಿಯೂ ಮುಳ್ಳು ಅಲ್ಲಾಡದಿದ್ದರೆ ಡಾಕ್ಟರ್ ಹತ್ತಿರ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಶುಗರ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅವರನ್ನು ಕೇಳದೆ ಊಟದಲ್ಲಿ ಏನನ್ನೂ ಬಿಡಬಾರದು. ತೂಕದ ಇಂಜೆಕ್ಷನ್ ಬಗ್ಗೆಯೂ ಅವರನ್ನೇ ಕೇಳಿ, ರೀಲ್ಸ್‌ನವರನ್ನಲ್ಲ.

10. ಮದುವೆ ಊಟಕ್ಕೆ ಹೋಗಿ

ತಪ್ಪಿಸಿಕೊಳ್ಳಬೇಡಿ, ಹಿಂದಿನ ರಾತ್ರಿ ಉಪವಾಸವನ್ನೂ ಮಾಡಬೇಡಿ. ಕೋಸಂಬರಿ ಎರಡು ಸಲ ಹಾಕಿಸಿಕೊಳ್ಳಿ. ಹೋಳಿಗೆ ಒಂದು, ತುಪ್ಪದ ಜೊತೆಗೇ ತಿನ್ನಿ. ಎರಡನೆಯದಕ್ಕೆ ಎಲೆಗೆ ಕೈ ಅಡ್ಡ ಹಿಡಿಯಿರಿ. ಬಡಿಸುವವರು ಮೂರು ಸಲ ಒತ್ತಾಯ ಮಾಡುತ್ತಾರೆ, ಆಮೇಲೆ ಪಕ್ಕದ ಎಲೆಗೆ ಹೋಗುತ್ತಾರೆ.