ಧ್ವನಿಚಿತ್ರದ ಸ್ಪಷ್ಟತೆಯೂ ಕಿರಣದ ದಿಕ್ಕೂ

ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರಿನಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವೈದ್ಯಕೀಯ ಮಹಾವಿದ್ಯಾಲಯವು 2003ರಲ್ಲಿ ಆರಂಭವಾಯಿತು. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡುವದನ್ನು ಗ್ರಾಮಸ್ಥರಲ್ಲಿ ಅನೇಕರು ಕಂಡಿರುವರು. ವೈದ್ಯರು ಕೈಯೊಳಗಿನ ಉಪಕರಣವನ್ನು ಅತ್ತಿತ್ತ ಸರಿಸಿ, ವಾರೆಮಾಡಿ, ಮತ್ತೆ ಮತ್ತೆ ನೋಡುವದುಂಟು. ಇದನ್ನು ಕಂಡು, ವೈದ್ಯರಿಗೆ ಏನೂ ತಿಳಿಯಲಿಲ್ಲವೆಂದು ಗಾಬರಿಪಡುವವರೂ ಉಂಟು. ಆದರೆ ಹೀಗೆ ಸರಿಸುವದೇ ಈ ಪರೀಕ್ಷೆಯ ಜೀವಾಳವು.

ಈ ಯಂತ್ರವು ಬೆಳಕಿನಿಂದ ಪಟ ತೆಗೆಯುವದಿಲ್ಲ. ಬಾವಿಯಲ್ಲಿ ಕೂಗಿದರೆ ದನಿಯು ಮರಳಿ ಬರುವದಷ್ಟೆ. ಅದರಂತೆಯೇ ಯಂತ್ರವು ಕಿವಿಗೆ ಕೇಳದ ಧ್ವನಿಯನ್ನು ದೇಹದೊಳಕ್ಕೆ ಕಳುಹಿ, ಮರುದನಿ ಬರಲು ತಗಲಿದ ವೇಳೆಯಿಂದ ಆಳವನ್ನು ಎಣಿಸುವದು. ದೇಹದ ಮೃದುಭಾಗಗಳಲ್ಲಿ ಈ ಧ್ವನಿಯ ವೇಗವು ಸೆಕೆಂಡಿಗೆ ಸುಮಾರು 1540 ಮೀಟರು. ನಡುವೆ ಗಾಳಿಯಿದ್ದರೆ ಧ್ವನಿಯು ಒಳಹೋಗದು. ಚರ್ಮಕ್ಕೆ ಜೆಲ್ ಹಚ್ಚುವದು ಇದಕ್ಕಾಗಿಯೇ.

ಸ್ಪಷ್ಟತೆಯೆಂದರೆ ಸಮೀಪದ ಎರಡು ಬಿಂದುಗಳು ಎರಡಾಗಿಯೇ ತೋರುವದು. ಅರಿವೆಯ ಕೆಳಗೆ ಎರಡು ಜೋಳದ ಕಾಳುಗಳನ್ನು ಒತ್ತೊತ್ತಾಗಿಟ್ಟು ಹೆಬ್ಬೆರಳಿನಿಂದ ಮುಟ್ಟಿದರೆ ಒಂದೇ ಎನಿಸುವದು. ಸೂಜಿಯ ಮೊನೆಯಿಂದ ತಡವಿದರೆ ಎರಡೆಂದು ತಿಳಿಯುವದು. ಧ್ವನಿಯ ಕಿರಣವು ಅಗಲವಾಗಿರುವಲ್ಲಿ ಅಕ್ಕಪಕ್ಕದ ಬಿಂದುಗಳು ಕೂಡಿಕೊಳ್ಳುವವು. ಅದು ಕಿರಿದಾಗಿರುವ ಆಳದಲ್ಲಿ ಬೇರ್ಪಟ್ಟು ತೋರುವವು. ಕಂಪನಗಳು ಹೆಚ್ಚಿದಷ್ಟೂ ಅಲೆಯು ಚಿಕ್ಕದಾಗಿ ಚಿತ್ರವು ನವುರಾಗುವದು. 3 ಮೆಗಾಹರ್ಟ್ಸಿನ ಅಲೆಯ ಉದ್ದವು ಸುಮಾರು ಅರ್ಧ ಮಿಲಿಮೀಟರು. 10 ಮೆಗಾಹರ್ಟ್ಸಿನದು ಅದರ ಮೂರನೆಯ ಒಂದು ಪಾಲಿಗೂ ಕಡಿಮೆ. ಆದರೆ ಹೆಚ್ಚು ಕಂಪನದ ಧ್ವನಿಯು ಬೇಗನೆ ಕ್ಷೀಣಿಸಿ ಆಳಕ್ಕೆ ಮುಟ್ಟದು. ಆದುದರಿಂದ ಕುತ್ತಿಗೆಯ ಗ್ರಂಥಿಗೆ ಒಂದು ಉಪಕರಣ, ಹೊಟ್ಟೆಗೆ ಇನ್ನೊಂದು.

ಇನ್ನು ದಿಕ್ಕಿನ ವಿಚಾರ. ಕಿರಣವು ಅವಯವದ ಮೈಗೆ ನೆಟ್ಟಗೆ ತಾಗಿದರೆ ಮರುದನಿಯು ಬಂದ ದಾರಿಯಲ್ಲೇ ಮರಳುವದು. ವಾರೆಯಾಗಿ ತಾಗಿದರೆ ಬೇರೆಡೆಗೆ ಹೋಗುವದು. ಆಗ ಇದ್ದ ಅಂಚೂ ಕಾಣದು. ಹೆಗಲಿನ ಆರೋಗ್ಯವಾದ ಸ್ನಾಯುರಜ್ಜುವು ಇದೇ ಕಾರಣದಿಂದ ಕಪ್ಪಾಗಿ, ಹರಿದಂತೆ ತೋರುವದುಂಟು. ಉಪಕರಣವನ್ನು ತುಸು ತಿರುಗಿಸಿದೊಡನೆ ನಿಜಸ್ಥಿತಿಯು ತಿಳಿಯುವದು. ರಕ್ತದ ಹರಿವನ್ನು ಅಳೆಯುವ ಡಾಪ್ಲರ್ ಪರೀಕ್ಷೆಯಲ್ಲಿ ನಿಯಮವು ತಿರುವುಮುರುವು. ಅಲ್ಲಿ ಕಿರಣವು ರಕ್ತನಾಳಕ್ಕೆ ನೆಟ್ಟಗಿದ್ದರೆ ಹರಿಯುವ ರಕ್ತವೂ ನಿಂತಂತೆ ತೋರಬಹುದು. ಆದುದರಿಂದ ವೇಗವನ್ನಳೆಯುವಾಗ ಕಿರಣಕ್ಕೂ ಹರಿವಿಗೂ ನಡುವಿನ ಕೋನವನ್ನು 60 ಡಿಗ್ರಿಯೊಳಗೆ ಇಡುವರು.

ಗ್ರಾಮದ ಮುಖಂಡರು ಇದನ್ನು ತಿಳಿದಿರುವದರಿಂದ ಪ್ರಯೋಜನವುಂಟು. ಐದನೆಯ ತಿಂಗಳ ಸುಮಾರಿಗೆ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ಮಾಡುವಾಗ, ಶಿಶುವಿನ ಬೆನ್ನು ತಾಯಿಯ ಹೊಟ್ಟೆಯ ಕಡೆಗಿದ್ದರೆ ಎಲುಬಿನ ನೆರಳು ಬಿದ್ದು ಶಿಶುವಿನ ಹೃದಯವು ಸರಿಯಾಗಿ ಕಾಣದು. ಆಗ ವೈದ್ಯರು ಮತ್ತೊಮ್ಮೆ ಬರಹೇಳುವರು. ಕೂಲಿ ತಪ್ಪುವದೆಂದೂ ಬಸ್ಸಿನ ಖರ್ಚೆಂದೂ ಆ ಎರಡನೆಯ ಭೇಟಿಯನ್ನು ಬಿಡುವದು ಹಾನಿಕರ. "ಕಾಣಲಿಲ್ಲ" ಎಂದರೆ "ದೋಷವಿದೆ" ಎಂದಲ್ಲ. "ದೋಷವಿಲ್ಲ" ಎಂದೂ ಅಲ್ಲ. ಸುಗ್ಗಿಯ ಕಾಲವಾದರೂ ಚಿಂತೆಯಿಲ್ಲ, ಅಂಥ ಹೆಣ್ಣುಮಗಳಿಗೂ ಆಕೆಯ ಮನೆಯವರಿಗೂ ಒಂದು ದಿನದ ಬಿಡುವನ್ನು ಕೊಟ್ಟು ಕಳುಹತಕ್ಕದ್ದು.